ಕಿಸೆಯೊಳಗಿನ ಕೀಲಿಕೈ

ಮತ್ತೆ ಕಿವಿಯೊಳಗೆ ಹೋಯಿತು ಆ ಕೀಲಿಕೈ, ಬಲಗಿವಿಯದು ಮುಗಿಯಿತು, ಈಗ ಎಡಗಿವಿ, ಹೆಡ್‌ಮಾಸ್ತರ ರಾವಸಾಹೇಬ ಸರ್ ಕಣ್ಣು ಅರ್ಧ ಮುಚ್ಚಿ, ಬಾಯಿ ಅರ್ಧ ತೆರೆದು, ಹುಡುಗಿಯರ ಪಾಯಖಾನೆಯ ಕೀಲಿಕೈಯಿಂದ ತಮ್ಮ ಕಿವಿಯ ಗುಗ್ಗೆ ತೆಗೆಯುತ್ತಿದ್ದಾರೆ, ಎಂಥ ಸುಖ ನೋಡು ಆ ಮುಖದ ಮೇಲೆ, ಬೇಸಿಗೆಯಲ್ಲಿ ಎಮ್ಮೆಗೆ ಹೊಂಡ ಸಿಕ್ಕ ಹಾಗೆ — ಸುಮನ್ ಮೇಜಿನ ಈಚೆ ನಿಂತು ನೋಡುತ್ತಿದ್ದಾಳೆ, ನಿಲ್ಲಿಸಿದ್ದಾರೆ ಅವಳನ್ನು, ಕೂಡು ಅಂದವರಿಲ್ಲ, ತಪ್ಪಿತಸ್ಥರು ಕೂಡುವುದಿಲ್ಲವಂತೆ, ಮೇಜಿನ ಮೇಲೆ ಹಳೇ ಪೇಪರು ಹಾಸಿ ಸಾಕ್ಷಿ ಇಟ್ಟಿದ್ದಾರೆ, ಮುರಿದ ಕೀಲಿ, ಪುಸ್ತಕದ ಕನ್ನಡದಲ್ಲಿ ಬೀಗ, ಒಂದು, ಅದನ್ನು ಮುರಿದ ಕಬ್ಬಿಣದ ಗುಂಡು ಒಂದು, ಗೋಕಾಕದ ಕೋರ್ಟಿನಲ್ಲೂ ಇಷ್ಟು ಒಪ್ಪವಾಗಿ ಇಡಲಿಕ್ಕಿಲ್ಲ. ಕೀಲಿ ಸತ್ತ ಮೇಲೆ ಕೀಲಿಕೈಗೆ ಇನ್ನೇನು ಕೆಲಸ, ಕಿವಿಗೆ ಬಂತು, ಖರೆ ಹೇಳಬೇಕೆಂದರೆ ಕೀಲಿ ಬದುಕಿದ್ದಾಗಲೂ ಅದು ಹೆಚ್ಚು ಹೋಗುತ್ತಿದ್ದದ್ದು ಕಿವಿಗೇ. ಗೋಡೆಯ ಬಾಜೂ ಬೆಂಚಿನ ಮೇಲೆ ಅವ್ವ ಗೌರವ್ವ, ಸೆರಗು ತಲೆ ಮೇಲೆ, ದೇವರ ಮುಂದೆ ಕೂತವಳ ಹಾಗೆ ಬಗ್ಗಿ ಕೂತಿದ್ದಾಳೆ, ಅದೇ ಬೆಂಚಿನ ಆ ತುದಿಗೆ ಗೆಳತಿ ತಾಯವ್ವನ ಅಪ್ಪ ಲಗಮಣ್ಣ ಕಾಕಾ, ಕ್ಲಾಸು ಬಿಟ್ಟು ಹೋದ ಮಗಳ ಸಲುವಾಗಿ ಅವನನ್ನೂ ಕರೆಸಿದ್ದಾರೆ, ಮಡಿಲಲ್ಲಿ ಟವಲು, ಅದರ ಅಂಚಿನ ದಾರವನ್ನು ಒಂದೊಂದಾಗಿ ಕೀಳುತ್ತಿದ್ದಾನೆ, ಕಿಟಕಿಯ ಹತ್ತಿರ ಗಣಿತದ ಶಿವಕುಮಾರ ಸರ್, ಅವರ ಬಾಜೂ ಕುರ್ಚಿಯಲ್ಲಿ ದಾಕ್ಷಾಯಿಣಿ ಮೇಡಂ, ಮೊಬೈಲಿನಲ್ಲಿ ಮುಖ ಹುಗಿದುಕೊಂಡು. ಹೊರಗೆ ಮೂಡಲಗಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಕಿರುಚಿಸಿಕೊಂಡು ಘಟಪ್ರಭಾ ಕಡೆ ಹೋಗುತ್ತಿದೆ, ಹಾಡು ದೂರವಾಗುವ ತನಕ ಯಾರೂ ಮಾತಾಡುವ ಹಾಗಿಲ್ಲ, ದೊಡ್ಡವರೆಲ್ಲ ಕಾಯುತ್ತಿದ್ದಾರೆ, ಕೀಲಿಕೈ ತಿರುಗುತ್ತಿದೆ. ಕೀಲಿ ಒಡೆದವಳು ನೀನೇ ಎಂದು ಸಾಬೀತಾದರೆ ಟೀಸೀ ಕೊಟ್ಟು ಮನೆಗೆ ಕಳಿಸುತ್ತೇನೆ ಎಂದು ಮೊದಲೇ ಸಾರಿದ್ದಾರೆ ಸರ್, ಹತ್ತನೇತ್ತೆಯ ಪರೀಕ್ಷೆ ಮುಂದಿನ ತಿಂಗಳು.

ಯಾಕೆ ಕೀಲಿ ಬಿತ್ತು ಆ ಬಾಗಿಲಿಗೆ, ಅದನ್ನು ಕೇಳಿ ಮೊದಲು, ಕೇಳುವುದಿಲ್ಲ, ಯಾರೂ ಕೇಳಿಲ್ಲ. ಹೋದ ದೀಪಾವಳಿಯ ರಜೆ ಮುಗಿದು ಶಾಲೆ ತೆರೆದಾಗ ಹುಡುಗಿಯರ ಪಾಯಖಾನೆಯ ಒಳಗೋಡೆಯ ತುಂಬ ಇದ್ದಿಲಿನಲ್ಲಿ ಬರೆದಿದ್ದರು ಹುಡುಗರು, ಹುಡುಗಿಯರ ಹೆಸರು, ಹೆಸರಿನ ಮುಂದೆ ಬರೆಯಬಾರದ್ದು, ಚಿತ್ರ ಬೇರೆ, ಚಿತ್ರವಾದರೂ ನೆಟ್ಟಗೆ ಬಂದಿತ್ತೇ, ಕತ್ತೆಗಳಿಗೆ ಕೈ ಎಲ್ಲಿ ಕಾಲು ಎಲ್ಲಿ ಗೊತ್ತಿಲ್ಲ, ಸಿಗರೇಟಿನ ತುಂಡು, ಗುಟಕಾದ ಕೆಂಪು ಉಗುಳು. ಹೆಡ್‌ಸರ್ ಬಂದು ನೋಡಿದರು, ಉಡಾಳ ನನ್ನ ಮಕ್ಕಳು ಅಂದರು, ನಕ್ಕರು, ಬೇಟಾ ಹೊಸ ಸೈಕಲ್ ಬೀಳಿಸಿಕೊಂಡು ಬಂದಾಗ ಅಪ್ಪ ನಗುವ ಹಾಗೆ, ನಕ್ಕು ಮರುದಿನ ಬಾಗಿಲಿಗೆ ದೊಡ್ಡ ಕೀಲಿ ಜಡಿಸಿ ಕೀಲಿಕೈ ತಮ್ಮ ಅಂಗಿ ಕಿಸೆಗೆ ಹಾಕಿಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವತ್ತಿನಿಂದ ಯಾವ ಹುಡುಗಿಗೆ ಅವಸರವಾದರೂ ಆಫೀಸಿಗೆ ಬರಬೇಕು, ಸಾಹೇಬರು ಇರಲಿ, ಕ್ಲಾರ್ಕ್ ಇರಲಿ, ಕಮಿಟಿಯವರು ಚಹಾ ಕುಡಿಯುತ್ತ ಕೂತಿರಲಿ, ಎಲ್ಲರ ಮುಂದೆ ಸರ್ ಕೀಲಿಕೈ ಕೊಡ್ರಿ ಅನ್ನಬೇಕು, ಅಂದರೆ ಅವರು ಕೇಳುತ್ತಾರೆ — ಯಾಕ? ಯಾಕ ಅಂತೆ! ಪಾಯಖಾನೆಯ ಕೀಲಿಕೈ ಯಾಕೆ ಬೇಕಾಗುತ್ತದೆ ಮನುಷ್ಯರಿಗೆ, ಪೂಜೆ ಮಾಡಲಿಕ್ಕೆ, ಆಮೇಲೆ ಅದನ್ನು ಪ್ಯಾಂಟಿಗೆ ಒರೆಸಿ ಕೊಡುತ್ತಾರೆ, ಆ ಒರೆಸುವುದೇ ಒಂದು ಉಪಕಾರ. ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟರು, ಬೆಳಿಗ್ಗೆ ಮನೆಯಲ್ಲಿ ಒಂದು ಗುಟುಕು, ಸಂಜೆ ಮನೆಯಲ್ಲಿ ಒಂದು ತಂಬಿಗೆ, ನಡುವೆ ಕೆಮ್ಮು ಬಂದರೂ ಬಾಟಲಿ ಮುಟ್ಟುವುದಿಲ್ಲ, ಹುಡುಗರಿಗೆ ಏನು, ಕಂಪೌಂಡ್ ಗೋಡೆ ಉದ್ದಕ್ಕೂ ಅವರಪ್ಪಂದೇ. ಹೋದ ತಿಂಗಳು ಗೋಕಾಕದಿಂದ ಬಿ.ಎಡ್. ಕಾಲೇಜಿನವರು ಬಂದರು, ಗುಲಾಬಿ ಹಾಳೆ ಹಂಚಿದರು, ಶಾಲೆಯ ಪರಿಸರಕ್ಕೂ ಬಾಲಾಪರಾಧಕ್ಕೂ ಸಂಬಂಧ ಏನು ಎಂದು ಅಭ್ಯಾಸ ಮಾಡುತ್ತಾರಂತೆ, ಹುಡುಗರು ಹೆಚ್ಚೋ ಹುಡುಗಿಯರು ಹೆಚ್ಚೋ ಎಣಿಸುತ್ತಾರಂತೆ, ನಿಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇದೆಯೇ, ಹೌದು ಅಥವಾ ಇಲ್ಲ, ಹೌದು ಎಂದು ಎಲ್ಲರೂ ಟಿಕ್ ಹಾಕಿದರು, ಸುಳ್ಳೇನಲ್ಲ, ಇದೆಯಲ್ಲ ಅಲ್ಲಿ ನಿಂತು, ಕೀಲಿಕೈ ಯಾರ ಕಿಸೆಯಲ್ಲಿದೆ ಎಂದು ಹಾಳೆಯಲ್ಲಿ ಕೇಳಿರಲಿಲ್ಲ. ಶಾಲೆಯ ವಸ್ತುವನ್ನು ಎಂದಾದರೂ ಹಾಳು ಮಾಡಿದ್ದೀರಾ, ಅದಕ್ಕೆ ಸುಮನ್ ಇಲ್ಲ ಎಂದು ಹಾಕಿದ್ದಳು, ಆಗ ಇನ್ನೂ ಮಾಡಿರಲಿಲ್ಲ. ಮೋಟರಿನ ತಾಮ್ರದ ವೈರು ಕಿತ್ತು ಘಟಪ್ರಭಾದಲ್ಲಿ ಮಾರಿ ಮೊಬೈಲಿಗೆ ದುಡ್ಡು ಹಾಕಿಸಿಕೊಂಡ ಹುಡುಗರೂ ಇಲ್ಲ ಎಂದೇ ಹಾಕಿದರು, ಓಡುವ ಟ್ರೇಲರಿನಿಂದ ಕಬ್ಬು ಜಗ್ಗುವವರೂ, ಒಂದೇ ಬೈಕಿನ ಮೇಲೆ ಮೂವರು ಕೂತು ಹುಡುಗಿಯರ ವೇಲ್ ಎಳೆಯುವವರೂ, ಅವರ್‍ಯಾರೂ ಅಪರಾಧಿಗಳಲ್ಲ, ಉಡಾಳರು. ಎಷ್ಟು ಮುದ್ದಿನ ಮಾತು ನೋಡು ಅದು, ಉಡಾಳ, ಹೆಂಗಸರೂ ಅದನ್ನು ಅನ್ನುವಾಗ ನಗುತ್ತಾರೆ, ಹುಡುಗಿಗೆ ಅಂಥದೊಂದು ಮಾತು ಮಾಡಿಟ್ಟಿಲ್ಲ ಈ ನಾಡಿನವರು, ಅವಳಿಗೆ ನೇರವಾಗಿ ಗಂಡುಬೀರಿ, ಅದರಲ್ಲಿ ನಗು ಇಲ್ಲ.

ಗಂಡುಬೀರಿ ಎಂದು ಅವಳಿಗೆ ಬಂದ ಹೆಸರು ಹೊಸದಲ್ಲ, ಆ ಗುಂಡಿನಿಂದಲೇ ಬಂದದ್ದು, ಗೋಕಾಕದ ತಾಲೂಕು ಕ್ರೀಡೆಯಲ್ಲಿ ಅವಳು ಎಸೆದ ಗುಂಡು ಬಿದ್ದ ದೂರ ನೋಡಿ ಸರ್ಟಿಫಿಕೇಟು ಬರೆಯುವವ ಕುಮಾರ ಸುಮನ್ ಎಂದು ಬರೆದುಬಿಟ್ಟ, ಹೆಸರೂ ಹಾಗೇ ಇದೆ, ದೂರವೂ ಹಾಗೇ ಇದೆ, ಹುಡುಗನೇ ಇರಬೇಕು ಅಂದುಕೊಂಡ, ಜಾಣ! ತಿದ್ದಿ ಕೊಡ್ರಿ ಅಂದರೆ ಇರಲಿ ಬಿಡವ್ವಾ ಛಲೋನ ಐತಿ ಅಂದ. ಅಲ್ಲಿಗೆ ಬಂದಿದ್ದ ಒಂದು ಕಾಲೇಜಿನ ಆಟದ ಸರ್ ಮಾತ್ರ ಬೆನ್ನು ತಟ್ಟಿ, ಹತ್ತನೇತ್ತೆ ಪಾಸಾಗಿ ಬಾ, ಗೋಕಾಕದಾಗ ನಮ್ಮ ಕಾಲೇಜಿನ್ಯಾಗ ಸೀಟ್ ಕೊಡಸ್ತೇನಿ, ಹಾಸ್ಟೆಲ್ಲೂ ಕೊಡಸ್ತೇನಿ ಅಂದಿದ್ದರು, ಆ ಮಾತನ್ನು ಅವಳು ಬಾಯಲ್ಲಿ ಇಟ್ಟ ಬೆಲ್ಲದಂತೆ ಕರಗಿಸದೆ ಇಟ್ಟುಕೊಂಡಿದ್ದಾಳೆ, ಯಾರಿಗೂ ಹೇಳಿಲ್ಲ, ಹೇಳಿದರೆ ಅವ್ವ ಹೆದರುತ್ತಾಳೆ. ಮತ್ತು ಆ ದಿನ — ಊಟದ ಬಿಡುವು ಮುಗಿಯುವ ಹೊತ್ತು, ತಾಯವ್ವ ನೀರಿನ ಟಾಕಿಯ ಹಿಂದೆ ಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು, ವೇಲ್ ಸೊಂಟಕ್ಕೆ ಸುತ್ತಿಕೊಂಡು, ಮುಖ ಸುಣ್ಣವಾಗಿತ್ತು, ತಿಂಗಳ ಲೆಕ್ಕ ತಪ್ಪಿ ಮೊದಲೇ ಬಂದುಬಿಟ್ಟಿತ್ತು, ಬಿಳೀ ಸಲವಾರ ಸಮವಸ್ತ್ರ, ಯಾವ ಪುಣ್ಯಾತ್ಮ ಹುಡುಗಿಯರಿಗೆ ಬಿಳೀ ಸಲವಾರ ಹೊಲಿಸಿದನೋ ಅವನಿಗೆ ಹೆಂಡತಿ ಮಕ್ಕಳು ಇರಲಿಲ್ಲವೇನೋ. ಇಲ್ಲೇ ನಿಂದ್ರು ನಾ ಕೀಲಿಕೈ ತರ್ತೇನಿ ಎಂದು ಸುಮನ್ ಓಡಿದಳು, ಗಂಟೆ ಹೊಡೆಯಿತು, ಕ್ಲಾಸಿನ ಬಾಗಿಲಲ್ಲಿ ಶಿವಕುಮಾರ ಸರ್ ಹಿಡಿದರು, ಎಲ್ಲಿಗೆ ಓಡ್ತಿದ್ದೀಯಾ, ಒಳಗೆ ಕೂತ್ಕೋ, ತಾಯವ್ವ ಎಲ್ಲಿ ಅಂದರು. ದಕ್ಷಿಣದ ಕಡೆಯವರು, ನೌಕರಿ ಸಿಕ್ಕು ಇತ್ತ ಬಂದು ಇನ್ನೂ ಒಂದು ವರ್ಷವಾಗಿಲ್ಲ, ಅಲ್ಲಿ ಪುಸ್ತಕದ ಕನ್ನಡ ಮಾತಾಡುತ್ತಾರಂತೆ, ಇಲ್ಲಿಯದು ಇನ್ನೂ ಕಿವಿಗೆ ಹತ್ತಿಲ್ಲ. ಗಂಡುಹುಡುಗರ ಸಾಲಿನ ಮುಂದೆ ನಿಂತು ಹೆಂಗೆ ಹೇಳುವುದು, ಸುಮನ್ ದನಿ ತಗ್ಗಿಸಿ ಹೇಳಿದಳು, ಸರ್, ಅಕಿ ಹೊರಗ ಆಗ್ಯಾಳ್ರಿ. ಮುಟ್ಟಾಗಿದ್ದಾಳೆ ಅನ್ನಲು ಇಲ್ಲಿಯ ಕಲ್ಲಿಗೂ ಅರ್ಥವಾಗುವ ಮಾತು, ಕೇಳಿದ್ದೇ ಹಿಂದಿನ ಬೆಂಚಿನ ಉಡಾಳರಿಗೆಲ್ಲ ಅರ್ಥವಾಯಿತು, ಕಿಸಿಕಿಸಿ ಎಂದರು, ಅರ್ಥವಾಗದಿದ್ದುದು ಒಬ್ಬರಿಗೇ, ಎಂ.ಎಸ್ಸಿ. ಮಾಡಿದವರಿಗೆ. ಹೊರಗೆ ಹೋಗಿದ್ದಾಳಾ, ಯಾರ ಪರ್ಮಿಷನ್ ತಗೊಂಡು ಹೊರಗೆ ಹೋದ್ಲು, ಅಂದರು. ಹೋಗಿಲ್ರಿ ಸರ್, ಆಗ್ಯಾಳ್ರಿ. ಅದೇ ಕಣಮ್ಮಾ, ಹೊರಗೆ ಹೇಗಾದ್ಲು, ಎದುರುತ್ತರ ಬೇರೆ, ನೀನೂ ಹೊರಗೇ ನಿಂತ್ಕೋ. ಹುಡುಗರು ಬೆಂಚು ಬಡಿದು ನಕ್ಕರು, ಅವರ ಹಾಸ್ಯಕ್ಕೇ ನಕ್ಕರೆಂದು ತಿಳಿದು ಸರ್ ಕೂಡ ಸ್ವಲ್ಪ ನಕ್ಕರು, ಪಾಪ. ಒಂದು ಅಕ್ಷರ, ಆಗ್ಯಾಳ, ಹೋಗ್ಯಾಳ, ಬೀಜಗಣಿತದಲ್ಲಿ ಒಂದು ಗುರುತು ತಪ್ಪಿದರೆ ಪೂರಾ ಲೆಕ್ಕ ತಪ್ಪು ಎಂದು ದಿನಾ ಬಡಿದುಕೊಳ್ಳುವ ಮನುಷ್ಯ. ಹೊರಗೆ ನಿಲ್ಲು ಅಂದರಲ್ಲ, ಸುಮನ್ ಹೊರಗೆ ಹೋದಳು, ಸೀದಾ ಆಫೀಸಿಗೆ, ಕ್ಲಾರ್ಕ್ ಅಶೋಕ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ, ಕೀಲಿಕೈ ಸರ್ ಕಿಸೇದಾಗ ಐತಿ, ಸರ್ ಹುಕ್ಕೇರಿಗೆ ಹೋಗ್ಯಾರ, ಷಡ್ಡಕನ ಮಗನ ನಿಶ್ಚಯ, ನಾಳೆ ಬಾ ಅಂದ. ನಾಳೆ ಬಾ! ತಿಂಗಳಿಗೆ ಹೇಳಿ ಕಳಿಸಬೇಕು, ಇವತ್ತು ಬ್ಯಾಡವ್ವಾ, ಸರ್ ಹುಕ್ಕೇರಿಯೊಳಗ ಹೋಳಿಗೆ ಉಣ್ಣಾಕತ್ತಾರ, ನಾಳೆ ಬಾ. ಆಟದ ಸಾಮಾನಿನ ಖೋಲಿಗೆ ಬಾಗಿಲೇ ಇಲ್ಲ, ಅದಕ್ಕೆ ಕೀಲಿ ಬೇಕೆಂದು ಯಾರಿಗೂ ಅನ್ನಿಸಿಲ್ಲ, ಗುಂಡು ಅಲ್ಲೇ ಮೂಲೆಯಲ್ಲಿತ್ತು, ತಣ್ಣಗಿತ್ತು, ಕೈಗೆ ಗುರುತಿನದು. ಎಸೆಯಲಿಲ್ಲ ಅವಳು, ಎತ್ತಿ ಹೊಡೆದಳು, ಕೀಲಿ ಮೊದಲು ಹಟ ಹಿಡಿಯಿತು, ಆಮೇಲೆ ಬಾಯಿ ಬಿಟ್ಟಿತು, ತಾಯವ್ವ ಒಳಗೆ ಹೋದಳು, ಸುಮನ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ಉಸಿರು ಏರುತ್ತಿತ್ತು, ಆದರೆ ಅಷ್ಟು ಛಲೋ ಅನಿಸಿದ್ದು ಗೋಕಾಕದ ಮೈದಾನದಲ್ಲೂ ಇಲ್ಲ.

ಆ ಮೇಲಿನದೆಲ್ಲ ಶಿವಕುಮಾರ ಸರ್ ಅವರ ಕರ್ತವ್ಯನಿಷ್ಠೆ. ತಾಯವ್ವ ಬ್ಯಾಗೂ ತೆಗೆದುಕೊಳ್ಳದೆ ಫಾಟಾಕ್ಕೆ, ಬಸ್ಸು ನಿಲ್ಲುವ ಕೂಡುರಸ್ತೆಗೆ, ನಡೆದು ಬಸ್ಸು ಹತ್ತಿ ಮನೆಗೆ ಹೋದಳು, ಸರ್ ಅವಳ ಅಪ್ಪನಿಗೆ ಫೋನು ಮಾಡಿದರು, ನಿಮ್ಮ ಮಗಳು ಹೇಳದೆ ಕೇಳದೆ ಕ್ಲಾಸು ಬಿಟ್ಟು ಹೊರಗೆ ಹೋಗಿದ್ದಾಳೆ, ನಿಗಾ ಇಡಿ, ವಯಸ್ಸು ಅಂಥದ್ದು. ವಯಸ್ಸು ಅಂಥದ್ದಂತೆ, ಇಪ್ಪತ್ತಾರು ವರ್ಷದ ಹಿರಿಯಜ್ಜ! ಲಗಮಣ್ಣ ಕಾಕಾ ಹೊಲದಿಂದ ಓಡಿ ಬಂದನಂತೆ, ಕೈಯಲ್ಲಿ ಕುಡುಗೋಲು ಹಾಗೇ ಇತ್ತಂತೆ, ಎಲ್ಲೆ ಹೋಗಿದ್ದಿ ಅಂದನಂತೆ, ತಾಯವ್ವ ಏನು ಹೇಳಬೇಕು, ತಾಯಿ ಇದ್ದಿದ್ದರೆ ತಾಯಿಯ ಕಿವಿಯಲ್ಲಿ ಹೇಳುತ್ತಿದ್ದಳು, ತಾಯಿ ಸತ್ತು ಬಹಳ ವರ್ಷವಾಯಿತು, ಹೆಸರಿನಲ್ಲಿ ಮಾತ್ರ ತಾಯಿ ಉಳಿದಿದ್ದಾಳೆ, ಅಪ್ಪನ ಮುಂದೆ ಅಂಥ ಮಾತು ಬಾಯಿಗೆ ಬರುವುದಿಲ್ಲ, ತಲೆ ತಗ್ಗಿಸಿ ಅತ್ತಳು, ಹುಡುಗಿ ಅತ್ತರೆ ತಪ್ಪು ಮಾಡಿದ್ದಾಳೆ ಅಂತಲೇ ಅರ್ಥ, ಅದೊಂದು ಕಾಯಿದೆ ಈ ಭಾಗದಲ್ಲಿ. ಸಾಲಿ ಬಂದ್. ಬೆಲ್ಲದ ಬಾಗೇವಾಡಿಯಲ್ಲಿ ಸೋದರತ್ತೆ ಇದ್ದಾಳೆ, ಅವಳಿಗೊಬ್ಬ ಮಗ ಇದ್ದಾನೆ, ಅತ್ತೆ ಎರಡು ಸಲ ಬಂದು ಹೋಗಿದ್ದಾಳೆ, ಪರೀಕ್ಷಾ ಗಿರೀಕ್ಷಾ ಯಾಕ ಬೇಕ ಲಗಮಾ, ಹೆಸರ ಕೆಡೂಕಿಂತ ಮೊದಲ ಕೊಟ್ಟಬಿಡು ಅಂದಿದ್ದಾಳೆ. ಸುಮನ್ ಅವರ ಮನೆಗೆ ಹೋದಳು, ಲಗಮಣ್ಣ ಕಾಕಾ ಹೊಸ್ತಿಲಲ್ಲೇ ತಡೆದ, ನಿನ್ನಂಥಾಕಿ ಜೋಡಿ ಅಡ್ಡಾಡಿದ್ದಕ್ಕ ಹಿಂಗ ಆತು, ನಡಿ, ಅಂದ, ಬಾಗಿಲ ಸಂದಿಯಲ್ಲಿ ತಾಯವ್ವನ ಕಣ್ಣು ಕಂಡವು. ಹಿತ್ತಲಿಗೆ ಸುತ್ತಿ ಹೋದರೆ ಗೋಡೆಯ ಆಚೆಯಿಂದ ಕೈ ಹಿಡಿದು, ಗಂಡಸರ ಮುಂದ ನನ್ನ ಸುದ್ದಿ ಎತ್ತಬ್ಯಾಡ ಸುಮೀ, ನಾ ಸಾಯ್ತೇನಿ ನಾಚಿಕಿಲೆ, ಅಂದಳು ತಾಯವ್ವ, ಅದಕ್ಕೇ ಇಷ್ಟು ದಿನ ಸುಮನ್ ಬಾಯಿ ಬಿಟ್ಟಿಲ್ಲ, ಒಡೆದೆ ಅಂದಿಲ್ಲ, ಒಡೆದಿಲ್ಲ ಅಂತಲೂ ಅಂದಿಲ್ಲ. ದಾಕ್ಷಾಯಿಣಿ ಮೇಡಂಗೆ ಒಬ್ಬರಿಗೇ ಹೇಳಿದ್ದಳು, ಹೆಂಗಸು ಅಂತ, ಮೇಡಂ ಅಯ್ಯ ಪಾಪ ಅಂದರು, ನಾ ಹೆಡ್‌ಸರ್‌ಗೆ ಸಮಾಧಾನದಿಂದ ತಿಳಿಸಿ ಹೇಳ್ತೇನಿ, ನೀ ಎಲ್ಲೂ ಬಾಯಿ ಬಿಡಬ್ಯಾಡ, ಛಂದ ಕಾಣಸೂದಿಲ್ಲ ಅಂದರು. ಸ್ಟಾಫ್ ರೂಮಿನ ಒಳಗೆ ಮೇಡಂ ಅವರಿಗೆ ಬೇರೆ ಪಾಯಖಾನೆ ಇದೆ, ಒಳಗಿನಿಂದ ಚಿಲಕ ಇದೆ, ಸಾಬೂನು ಇದೆ, ಸಮಾಧಾನ ಯಾಕೆ ಇರುವುದಿಲ್ಲ. ಇವತ್ತಿಗೂ ತಿಳಿಸಿ ಹೇಳಿಲ್ಲ, ಈಗಲೂ ಮೊಬೈಲಿನ ಮೇಲೆ ಹೆಬ್ಬೆರಳು ಓಡುತ್ತಿದೆ, ಅಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಹೂವು ಕಳಿಸುತ್ತಿರಬೇಕು.

ಹಾಡು ದೂರ ಹೋಯಿತು. ಹೆಡ್‌ಸರ್ ಕೀಲಿಕೈ ಹೊರಗೆ ತೆಗೆದು, ಬೆಳಕಿಗೆ ಹಿಡಿದು ತುದಿ ನೋಡಿದರು, ಬೆಳೆ ಎಷ್ಟು ಬಂತೋ ಎಂದು ನೋಡುವ ಹಾಗೆ, ಪ್ಯಾಂಟಿಗೋ ಕುರ್ಚಿಗೋ ಗೊತ್ತಾಗದ ಹಾಗೆ ಮೇಜಿನ ಕೆಳಗೆ ಒರೆಸಿದರು, ಹಾಂ ಸುಮನ್, ಗುಂಡು ನಿಂದ, ಸಾಲ್ಯಾಗ ಅದನ್ನ ಎತ್ತೂ ಹುಡುಗಿ ನೀ ಒಬ್ಬಾಕೆ, ಖರೆ ಹೇಳು ಅಂದರು. ಅಷ್ಟರಲ್ಲಿ ಬಾಗಿಲಿಗೆ ನೆರಳು ಬಿತ್ತು, ಸೂರಜ, ಕಮಿಟಿ ಅಧ್ಯಕ್ಷರ ಮಗ, ಹಿಂದಿನ ಬೆಂಚಿನ ರಾಜ, ಕೂದಲಿಗೆ ಎಣ್ಣೆಯೋ ಬಣ್ಣವೋ ಬಳಿದುಕೊಂಡವ, ಒಳಗೆ ಬರ್ಲ್ಯಾ ಸರ್ ಎಂದು ಕೇಳುತ್ತಲೇ ಒಳಗೆ ಬಂದ, ಅವಳ ಕಡೆ ನೋಡಿ ಕಣ್ಣಲ್ಲೇ ನಕ್ಕ, ನಿನ್ನೆ ಫಾಟಾದಲ್ಲಿ ಹೇಳಿದ್ದ ಇವ, ನಾ ಒಡದೇನಿ ಅಂತ ಹೇಳಿಬಿಡ್ತೇನಿ ತಗೋ, ನನಗ ಏನೂ ಆಗೂದಿಲ್ಲ, ಹುಚ್ಚರ ಹಂಗ ಟೀಸೀ ತಗೋಬ್ಯಾಡ, ಅಂದಿದ್ದ, ಅವಳು ಉಗುಳಿ ಮುಂದೆ ಹೋಗಿದ್ದಳು, ಖರೆಗೂ ಬರುತ್ತಾನೆ ಎಂದುಕೊಂಡಿರಲಿಲ್ಲ. ಸರ್, ಕೀಲಿ ನಾ ಒಡದೇನ್ರಿ ಅಂದ, ಬಹುಮಾನ ತೆಗೆದುಕೊಳ್ಳಲು ವೇದಿಕೆ ಹತ್ತಿದವನ ಹಾಗೆ ಎದೆ ಮುಂದೆ ಮಾಡಿಕೊಂಡು. ಅರೆರೆ, ಖೋಲಿಯ ಗಾಳಿಯೇ ಬದಲಾಯಿತು, ಹೆಡ್‌ಸರ್ ಕುರ್ಚಿಗೆ ಒರಗಿದರು, ಮೂಲೆಯಲ್ಲಿ ಕೂತ ಕ್ಲಾರ್ಕ್ ಅಶೋಕ ಎಲೆ ಅಡಿಕೆಯ ಬಾಯಲ್ಲೇ ನಕ್ಕ, ಅವ್ವನ ಬೆನ್ನು ನೆಟ್ಟಗಾಯಿತು, ಉಡಾಳ ನನ್ನ ಮಗನ ಅಂದರು ಹೆಡ್‌ಸರ್, ಮತ್ತದೇ ನಗು, ಸಾಲಿ ಕೀಲಿ ನಿಮ್ಮಪ್ಪಂದೇನಲೇ, ಕೈ ಚಾಚು, ಬೆತ್ತದಿಂದ ಅಂಗೈ ಮೇಲೆ ಎರಡು, ನೊಣ ಹೊಡೆದ ಹಾಗೆ, ಆತ ನಡಿ, ನಿಮ್ಮಪ್ಪಗ ಒಂದ ಹೊಸ ಕೀಲಿ ಕಳಸಾಕ ಹೇಳು. ಮುಗಿಯಿತು. ಯಾಕೆ ಒಡೆದೆ ಅಂತ ಕೇಳಲೇ ಇಲ್ಲ! ಕೀಲಿಕೈ ಕೇಳಿದ ಹುಡುಗಿಗೆ ಯಾಕ, ಕೀಲಿ ಒಡೆದ ಹುಡುಗನಿಗೆ ಏನೂ ಇಲ್ಲ, ಹುಡುಗ ಒಡೆಯುವುದಕ್ಕೆ ಕಾರಣ ಬೇಡ, ಮಳೆ ಬಂತು, ಬಿಸಿಲು ಬಿತ್ತು, ಹುಡುಗ ಒಡೆದ, ಹುಡುಗಿ ಒಡೆದಳು ಅಂದರೆ ಕಾರಣ ಬೇಕು, ಕಾರಣ ಹುಡುಕುತ್ತ ಹೋದರೆ ಅಂಗಿ ಕಿಸೆಗೆ ಬಂದು ನಿಲ್ಲುತ್ತದೆ, ಕಿಸೆಯಿಂದ ಹುಕ್ಕೇರಿಗೆ, ಹುಕ್ಕೇರಿಯಿಂದ ಹೋಳಿಗೆಗೆ, ಅದಕ್ಕಿಂತ ಉಡಾಳ ವಾಸಿ. ಸೂರಜನಿಗೆ ಅದು ಅರ್ಥವೂ ಆಗಿಲ್ಲ, ಉಪಕಾರ ಮಾಡಿದೆ ಎಂದುಕೊಂಡಿದ್ದಾನೆ, ಅವತ್ತು ಹೊರಗ ಆಗ್ಯಾಳ ಅಂದಾಗ ಮೊದಲು ಕಿಸಿಕಿಸಿ ಎಂದವನು ಇವನೇ, ಆಗಲೇ ಎದ್ದು ಸರ್, ಅದರ ಅರ್ಥ ಬ್ಯಾರೆ ಐತ್ರಿ ಅಂದಿದ್ದರೆ ಸಾಕಿತ್ತು, ಗಂಡಸಿಗ್ಯಾಕೆ ಗೌರಿದುಃಖ, ಆಗ ನಕ್ಕ, ಈಗ ಅವಳ ಏಟನ್ನೇ ಕದ್ದುಕೊಂಡು ಹೀರೋ ಆದ. ಅವಳು ಜೀವನದಲ್ಲಿ ಮಾಡಿದ ಒಂದು ಛಲೋ ಕೆಲಸ ಅದು, ಅದೂ ಕುಮಾರನ ಹೆಸರಿಗೆ ಹೋಯಿತು. ಹೋಗಲಿ, ಹೋದರೆ ಹೋಗಲಿ ಬಿಡು, ಟೀಸೀ ತಪ್ಪಿತು, ಪರೀಕ್ಷೆ ಉಳಿಯಿತು, ಗೋಕಾಕ ಉಳಿಯಿತು, ಮೈದಾನ, ಹಾಸ್ಟೆಲ್ಲು, ಬಾಯಲ್ಲಿಟ್ಟ ಬೆಲ್ಲ ಹಾಗೇ ಇದೆ, ಅವ್ವ ಬೆಂಚಿನಿಂದ ಎದ್ದು ಬಂದು ಅವಳ ತೋಳು ಚಿವುಟಿದಳು, ಪುಣ್ಯ ಮಾಡೀದಿ, ಸರ್‌ಗೆ ನಮಸ್ಕಾರ ಮಾಡು, ನಡಿ ಅಂದಳು, ಸುಮನ್ ನಮಸ್ಕಾರ ಮಾಡಲಿಲ್ಲ, ಆದರೆ ಕಾಲು ಬಾಗಿಲ ಕಡೆ ತಿರುಗಿತ್ತು.

ಆಗ ಲಗಮಣ್ಣ ಕಾಕಾ ತಲೆ ಎತ್ತಿದ, ಬಂದಾಗಿನಿಂದ ಮೊದಲ ಸಲ, ಟವಲಿನ ದಾರ ಕೀಳುವುದು ನಿಂತಿತು. ಸೂರಜನನ್ನು ಕಾಲಿನಿಂದ ತಲೆಯ ತನಕ ನೋಡಿದ, ಹೊಸ ಚಪ್ಪಲಿ, ಬಿಗಿ ಪ್ಯಾಂಟು, ಬಣ್ಣದ ಕೂದಲು. ಯಾವಾಗ ಒಡದೀಪಾ ಕೀಲಿ, ಅಂದ, ದನಿ ಮೆಲ್ಲಗಿತ್ತು. ಶುಕ್ರವಾರರಿ ಕಾಕಾ, ಊಟ ಆದಮ್ಯಾಲೆ, ಗಣಿತದ ಪಿರೇಡಿನ್ಯಾಗ, ಅಂದ ಸೂರಜ, ಅಷ್ಟು ಖಡಕ್ಕಾಗಿ, ಕತ್ತೆ, ಒಂದು ಗಳಿಗೆ ವಿಚಾರ ಮಾಡಲಿಲ್ಲ. ಹುಡುಗ್ಯಾರ ಸಂಡಾಸದ ಕೀಲಿ, ಅಂದ ಲಗಮಣ್ಣ ಕಾಕಾ, ಕೇಳುವ ಹಾಗಲ್ಲ, ತನಗೆ ತಾನೇ ಅಂದುಕೊಳ್ಳುವ ಹಾಗೆ, ಗಣಿತದ ಪಿರೇಡಿನ್ಯಾಗ. ಆಮೇಲೆ ಶಿವಕುಮಾರ ಸರ್ ಕಡೆ ತಿರುಗಿದ, ಮಾಸ್ತರ, ನನ್ನ ಮಗಳು ಹೊರಗ ಹೋಗಿದ್ದು ಅದ ಪಿರೇಡಿನ್ಯಾಗಲ್ಲರಿ? ಹೌದು, ಅದೇ ಅವಧಿ, ಅಂದರು ಶಿವಕುಮಾರ ಸರ್, ಲೆಕ್ಕ ಸರಿಯಾಯಿತು ಎನ್ನುವ ಮುಖ ಮಾಡಿ. ಲೆಕ್ಕ! ಸುಮನ್‌ಗೆ ಊರು ಹಾಕುವ ಲೆಕ್ಕ ಕಂಡಿತು, ಸೂರಜ ಕೀಲಿ ಒಡೆದ, ತಾಯವ್ವ ಹೊರಗಿದ್ದಳು, ಬಾಗಿಲಿದ್ದ ಖೋಲಿ, ಅದೇ ಹೊತ್ತು, ಕೂಡಿಸಿದರೆ ಏನು ಬರುತ್ತದೆ, ಊರಿನ ಯಾವ ಅಡ್ನಾಡಿಯೂ ಕೂಡಿಸುತ್ತಾನೆ, ಸಂಜೆಯೊಳಗೆ ಕೂಡಿಸುತ್ತಾರೆ, ಬೆಲ್ಲದ ಬಾಗೇವಾಡಿಗೂ ಮುಟ್ಟುತ್ತದೆ, ಸೋದರತ್ತೆಯೂ ಆಮೇಲೆ ಒಲ್ಲೆ ಅನ್ನುತ್ತಾಳೆ, ಇಲ್ಲ ಅಂದರೆ ಹ್ಞೂಂ ಅಂದು ಜನ್ಮವಿಡೀ ಆಡಿ ತೋರಿಸುತ್ತಾಳೆ, ಮತ್ತು ಕುಡುಗೋಲು, ಹೊಲದಿಂದ ಓಡಿ ಬಂದಾಗ ಕೈಯಲ್ಲಿ ಹಾಗೇ ಇದ್ದ ಕುಡುಗೋಲು. ನೋಡಿದಿರಾ ಇವರ ಜಾಣತನ, ಒಬ್ಬ ಒಂದು ಅಕ್ಷರ ತಪ್ಪಿದ, ಒಬ್ಬ ಒಂದು ಸುಳ್ಳು ಹೇಳಿದ, ಒಬ್ಬರು ಸುಮ್ಮನೆ ಕೂತರು, ಒಬ್ಬರು ನಕ್ಕರು, ಎಲ್ಲ ಕೂಡಿ ಒಂದು ಹುಡುಗಿಯನ್ನು ಮುಗಿಸಿದರು, ಒಬ್ಬರಿಗೂ ಕೆಟ್ಟ ಮನಸ್ಸಿಲ್ಲ, ಅದೇ ಹೇಸಿಗೆ. ಗಂಡಸರ ಮುಂದ ನನ್ನ ಸುದ್ದಿ ಎತ್ತಬ್ಯಾಡ ಸುಮೀ, ಕೈ ಹಿಡಿದಿದ್ದಳು, ಎತ್ತುತ್ತೇನೆ ತಾಯೀ, ಬಯ್ಯಿ ಬೇಕಾದರೆ ನನ್ನನ್ನು, ಜನ್ಮವಿಡೀ ಮಾತಾಡಬೇಡ. ಕಾಕಾ, ಅಂದಳು ಸುಮನ್, ದನಿ ಎಸೆದ ಗುಂಡಿನ ಹಾಗೆ ಖೋಲಿಯ ನಡುವೆ ಬಿತ್ತು, ತಾಯವ್ವ ಎಲ್ಲೂ ಹ್ವಾದಾಕಿ ಅಲ್ಲ, ನಾ ಈ ಸರ್‌ಗೆ ಹೊರಗ ಆಗ್ಯಾಳ ಅಂದೆ, ಅವರು ಹೊರಗ ಹೋಗ್ಯಾಳ ಅಂತ ತಿಳಕೊಂಡ್ರು. ಅವ್ವನ ಉಗುರು ತೋಳಿನಲ್ಲಿ ಇಳಿಯಿತು, ಬಾಯಿ ಮುಚ್ಚ ಭೋಸಡೀಕೆ, ಗಂಡಸರದಾರ, ಇಳಿಯಲಿ, ದಾಕ್ಷಾಯಿಣಿ ಮೇಡಂ ಅವರ ಹೆಬ್ಬೆರಳು ನಿಂತಿತು, ಶಿವಕುಮಾರ ಸರ್ ಇನ್ನೂ ಇತ್ತ ಅತ್ತ ನೋಡುತ್ತಿದ್ದಾರೆ, ಹೊರಗೆ ಆಗಿದ್ದಾಳೆ ಅಂದ್ರೆ, ಅಂದರು, ಮೇಡಂ ಬಗ್ಗಿ ಏನೋ ಹೇಳಿದರು, ಸರ್ ಅವರ ಕಿವಿ ಎರಡೂ ಕೆಂಪಾದವು, ಎಂ.ಎಸ್ಸಿ. ಪೂರ್ತಿಯಾಯಿತು. ಲಗಮಣ್ಣ ಕಾಕಾನಿಗೆ ಯಾರೂ ತಿಳಿಸಿ ಹೇಳಬೇಕಾಗಲಿಲ್ಲ, ಅವ ಟವಲು ಎತ್ತಿ ಮುಖಕ್ಕೆ ಒತ್ತಿಕೊಂಡ, ಒಳಗಿನಿಂದ ಒಂದೇ ಮಾತು ಬಂತು, ಯವ್ವಾ, ಎಂದು, ಅದು ಸತ್ತ ಹೆಂಡತಿಗೋ ಮನೆಯಲ್ಲಿ ಕೂತ ಮಗಳಿಗೋ ಗೊತ್ತಾಗಲಿಲ್ಲ.

ನಿಲ್ಲಿಸಬಹುದಾಗಿತ್ತು ಅಲ್ಲಿಗೆ, ತಾಯವ್ವ ಉಳಿದಳು, ಸೂರಜನ ಸುಳ್ಳೂ ಉಳಿಯುತ್ತಿತ್ತು, ಹೆಡ್‌ಸರ್ ಅದನ್ನೇ ಕಾಯುತ್ತಿದ್ದರು, ಆತ ಆತ, ತಿಳೀತು, ಇಂಥಾವೆಲ್ಲ ಹೆಣ್ಣಮಕ್ಕಳ ವಿಷಯ, ಇಲ್ಲಿಗೆ ಬಿಡ್ರಿ, ನಡೀರಿ ಎಲ್ಲಾರೂ ಎನ್ನುತ್ತ ಕೀಲಿಕೈ ಬೆರಳಲ್ಲಿ ಹೊರಳಿಸುತ್ತಿದ್ದರು. ಆದರೆ ಅವತ್ತು ಒಳಗೆ ಇದ್ದವಳು ತಾಯವ್ವ ಎಂದು ಈಗ ಎಲ್ಲರೂ ಊಹಿಸುತ್ತಾರೆ, ಹೊರಗೆ ಕೀಲಿ ಒಡೆದವ ಸೂರಜ ಎಂದರೆ, ಹೊರಗಾದ ಹುಡುಗಿಗೆ ಬಾಗಿಲು ತೆಗೆದವ ಸೂರಜ ಎಂದರೆ, ಥೂ, ಅದು ಮೊದಲಿಗಿಂತ ಹೊಲಸು, ಅರ್ಧ ಖರೆ ಹೇಳಿ ಬಿಟ್ಟರೆ ಹೀಗೇ. ಮತ್ತು ನಾಳೆ ಅಧ್ಯಕ್ಷರ ಮನೆಯಿಂದ ಹೊಸ ಕೀಲಿ ಬರುತ್ತದೆ, ಇದಕ್ಕಿಂತ ದೊಡ್ಡದು, ಹೊಸ ಕೀಲಿಕೈ ಅದೇ ಕಿಸೆಗೆ ಬೀಳುತ್ತದೆ, ಅದೇ ಕಿವಿಗೆ ಹೋಗುತ್ತದೆ, ಎಂಟನೇತ್ತೆಯ ಸಣ್ಣ ಹುಡುಗಿಯರು ಬಂದು ಈ ಮೇಜಿನ ಮುಂದೆ ನಿಲ್ಲುತ್ತಾರೆ, ಯಾಕ? ಸುಮನ್ ಕೈ ಚಾಚಿ ಮೇಜಿನ ಮೇಲಿನ ಗುಂಡನ್ನು ಮುಟ್ಟಿದಳು, ತಣ್ಣಗಿತ್ತು, ಕೈಗೆ ಗುರುತಿನದು. ಸರ್, ಕೀಲಿ ಸೂರಜ ಒಡದಿಲ್ಲ, ನಾ ಒಡದೇನಿ, ತಾಯವ್ವಗ ಬಾಗಲಾ ತಗ್ಯಾಕ ಒಡದೇನಿ, ಕೀಲಿಕೈ ನಿಮ್ಮ ಕಿಸೇದಾಗಿತ್ತು, ಕಿಸೆ ಹುಕ್ಕೇರ್‍ಯಾಗಿತ್ತು. ಹೆಡ್‌ಸರ್ ಅವಳನ್ನೇ ನೋಡುತ್ತಿದ್ದಾರೆ, ಏನಂದಿ, ಕೇಳಸಲಿಲ್ಲ ನನಗ, ಅಂದರು, ಮೆಲ್ಲಗೆ, ದಾರಿ ಕೊಡುತ್ತಿದ್ದಾರೆ, ಕೇಳಿಸಲಿಲ್ಲ ಅಂದರೆ ಹೇಳಬೇಡ ಅಂತ, ಏನಿಲ್ರಿ ಸರ್ ಅಂದರೆ ಮುಗಿಯಿತು, ಗೋಕಾಕ, ಬಾಯಲ್ಲಿಟ್ಟ ಬೆಲ್ಲ, ಏನಿಲ್ರಿ ಸರ್, ಎಷ್ಟು ಸಣ್ಣ ಮಾತು, ಅವ್ವ ಕಿವಿಯ ಹತ್ತಿರ ಅದನ್ನೇ ಜಪಿಸುತ್ತಿದ್ದಾಳೆ, ಏನಿಲ್ಲನ್ನ, ಏನಿಲ್ಲನ್ನ ನನ್ನ ಮಗಳ. ನಾ ಒಡದೇನಿ, ಅಂದಳು ಸುಮನ್, ಇನ್ನೊಂದು ಹಾಕಿದ್ರ ಇನ್ನೊಂದು ಒಡೀತೇನಿ. ಅಶೋಕ, ಅಂದರು ಹೆಡ್‌ಸರ್, ಟೀಸೀ ಪುಸ್ತಕ ತಗಿ. ಬೀರು ತೆರೆದ ಸದ್ದಾಯಿತು, ಅವ್ವ ಅಳುತ್ತಿದ್ದಾಳೆ, ಯಾರೋ ಏನೋ ಅನ್ನುತ್ತಿದ್ದಾರೆ, ಲಗಮಣ್ಣ ಕಾಕಾ ಎದ್ದು ನಿಂತು ಸರ್, ಅಲ್ರಿ ಸರ್ ಅನ್ನುತ್ತಿದ್ದಾನೆ, ಮತ್ತೆ ಅನ್ನುತ್ತಿದ್ದಾನೆ, ದನಿ ಏರುತ್ತಿದೆ, ಹೆಡ್‌ಸರ್ ಅವನ ಕಡೆ ತಿರುಗಲಿಲ್ಲ, ಕುರ್ಚಿಗೆ ಒರಗಿ, ಕಣ್ಣು ಅರ್ಧ ಮುಚ್ಚಿ, ಬಲಗಿವಿ, ಒಳಗೆ ಹೋಯಿತು ಕೀಲಿಕೈ, ಇನ್ನೂ ಒಳಗೆ, ಹಲ್ಲು ಪೂರ್ತಿ ಮುಳುಗುವ ತನಕ, ತಿರುಗುತ್ತಿದೆ, ಇತ್ತ, ಅತ್ತ, ಕೀಲಿಕೈ, ಕಿವಿಯಲ್ಲಿ, ತಿರುಗುತ್ತಿದೆ, ತೆರೆಯುತ್ತಿಲ್ಲ.